ಅರಮನೆಗೆ ಬೆನ್ನು ಹಾಕಿದ ದಸ್ತಗೀರ್ ಸಾಬ್ರು

ದಸ್ತಗೀರ್ ಸಾಬ್ರು ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಊಟ ನಿಂತುಕೊಂಡೇ, ಚಹಾ ನಡೆದುಕೊಂಡೇ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುತ್ತಿದ್ದರು. 'ಕೂತ್ಕೊಳಿ ಸಾಬ್ರೇ, ಕಾಸೇನು ಜಾಸ್ತಿ ಕೇಳಾಕಿಲ್ಲ' ಎಂದು ಕಂಡಕ್ಟರು ರೇಗಿಸಿದರೆ, 'ಕೂತ್ರೆ ಊರು ದೂರ ಆಯ್ತದೆ ಕಣಪ್ಪ' ಎನ್ನುತ್ತಿದ್ದರು. ಅದೇನು ಲೆಕ್ಕವೋ ನನಗೆ ಇವತ್ತಿಗೂ ತಿಳಿದಿಲ್ಲ.

ರಾಮನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಅವರ ಮನೆ. ಮನೆಯ ಹಿತ್ತಿಲಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ನಾಲ್ಕು ಚರಕ. ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ತೇಲುವ ಗೂಡು, ಬೆಂದ ಹುಳದ ವಾಸನೆ. ಆ ವಾಸನೆ ಏನೆಂದು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳುವ ಅಗತ್ಯವಿಲ್ಲ. ನಾನು ಗೂಡಿನ ಮಾರುಕಟ್ಟೆಯಲ್ಲಿ ಗೇಟು ಗುಮಾಸ್ತ. ಕನಕಪುರ, ಮಾಗಡಿ ಕಡೆಯ ರೈತರು ಬೆಳಗ್ಗೆ ಗೂಡಿನ ಚೀಲ ಹೊತ್ತು ಬಂದು ಸುರಿಯುತ್ತಿದ್ದರು. ನೂಲು ತೆಗೆಯುವವರ ಲೈಸೆನ್ಸು ನೋಡಿ ಹರಾಜಿಗೆ ಒಳಗೆ ಬಿಡುವುದು ನನ್ನ ಕೆಲಸ. ಭಾರೀ ಕೆಲಸವೇನಲ್ಲ, ಆದರೆ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಗೂಡಿನ ವ್ಯವಹಾರದಲ್ಲಿ ರಜೆ ಎಂಬುದಿಲ್ಲ. ತಂದ ಗೂಡನ್ನು ನಾಲ್ಕಾರು ದಿನದಲ್ಲಿ ಬೇಯಿಸಿ ನೂಲು ತೆಗೆಯಲೇಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಹೊರಗೆ ಬರುತ್ತದೆ. ಎಳೆ ಹರಿದ ಮೇಲೆ ಆ ಗೂಡು ಕಸ. ಹೀಗಾಗಿ ಸಾಬ್ರ ಮನೆಯಲ್ಲಿ ಯಾರಾದರೂ ಒಬ್ಬರು ಚರಕದ ಹತ್ತಿರ ಇರಲೇಬೇಕಾಗಿತ್ತು. ಆ ಒಬ್ಬರು ಯಾವಾಗಲೂ ಅವರ ಹೆಂಡತಿ ಹಸೀನಕ್ಕ. ಸಾಬ್ರು ಮಾತ್ರ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕಾಲು ನಿಲ್ಲದೆ ಹೊರಟುಬಿಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ಎರಡ್ ದಿನದ್ ಊರು.' ಒಂದು ರಾತ್ರಿ ತಂಗಬೇಕು, ಎರಡು ಹಗಲು ನಡೆಯಬೇಕು, ಮೂರನೆಯ ದಿನ ಹರಾಜಿನ ಹೊತ್ತಿಗೆ ಮಾರುಕಟ್ಟೆಯಲ್ಲಿರಬೇಕು.

ಅವರ ತಯಾರಿಯೇ ಒಂದು ತಮಾಷೆ. ಹರಾಜಿಗೆ ಬಂದ ರೈತರು, ಲಾರಿ ಡ್ರೈವರುಗಳು, ಊರೂರಿಗೆ ಗೊಂಬೆ ಸಾಗಿಸುವ ಚನ್ನಪಟ್ಟಣದ ವ್ಯಾಪಾರಿಗಳು, ಯಾರು ಸಿಕ್ಕಿದರೂ ಸರಿ, ಒಂದೇ ಪ್ರಶ್ನೆ: 'ಆ ಊರಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯೋ ಅಂಗಡಿ ಯಾವ್ದು?' ಕೋಟೆ ಎಲ್ಲಿದೆ, ಗುಡಿ ಎಲ್ಲಿದೆ, ಕೇಳುತ್ತಿರಲಿಲ್ಲ. ಸಿಕ್ಕ ಉತ್ತರವನ್ನು ಹಳೆಯ ಹರಾಜು ಚೀಟಿಯ ಬೆನ್ನಿಗೆ ಗೀಚಿಕೊಂಡು ಟೋಪಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಟೋಪಿ ಎತ್ತರವಾದಾಗ ನನಗೆ ದಿಗಿಲು. ಯಾಕೆಂದರೆ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದದ್ದು ನನ್ನನ್ನು.

ನನಗೋ ಪ್ರಯಾಣವೆಂದರೆ ಆಗದು. ಹೊರಗಿನ ನೀರು ಕುಡಿದರೆ ಹೊಟ್ಟೆ ಕೆಡುತ್ತದೆ, ಬೇರೆ ದಿಂಬಿನ ಮೇಲೆ ನಿದ್ದೆ ಬಾರದು, ಮುದ್ದೆ ಸಿಗದಿದ್ದರೆ ಊಟವೆನಿಸದು. ಇದನ್ನೆಲ್ಲ ಹೇಳಿದರೆ, 'ಹೊಟ್ಟೆ ಮನೇಲ್ ಬುಟ್ ಬಾ, ಕಣ್ಣು ತಕಂಡ್ ಬಾ' ಎನ್ನುತ್ತಿದ್ದರು. ಮದ್ರಾಸಿಗೆ ಕರೆದುಕೊಂಡು ಹೋಗಿ ಎರಡು ದಿನ ಬಾಳೆಲೆ ಮಂಡಿ, ಹಳೆಯ ಗಡಿಯಾರ ರಿಪೇರಿ ಮಾಡುವ ಸಂದಿ, ಹಗ್ಗ ಹೊಸೆಯುವವರ ಕೊಟ್ಟಿಗೆ ತೋರಿಸಿದರು. ಸಮುದ್ರ ನೋಡದೆ ಮದ್ರಾಸಿನಿಂದ ವಾಪಸು ಬಂದ ಮಹಾನುಭಾವ ನಾನೊಬ್ಬನೇ ಇರಬೇಕು. ಮನೆಗೆ ಬಂದಾಗ ನನ್ನ ಹೆಂಡತಿ, 'ಅಲ್ಲಿಗ್ ಹೋಗಿ ಹಗ್ಗ ನೋಡ್ಕಂಡ್ ಬಂದ್ರಾ? ನಮ್ಮ ಬಾವೀಲಿ ಇರ್ಲಿಲ್ವಾ?' ಎಂದಳು.

ಮೈಸೂರಿನಲ್ಲಂತೂ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅರಮನೆ ಎದುರಿಗೇ ಇದೆ, ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿದೆ, ಈ ಮನುಷ್ಯ ಅದಕ್ಕೆ ಬೆನ್ನು ಹಾಕಿ ಸರಸರನೆ ಹೋಗುತ್ತಿದ್ದಾರೆ. 'ಒಂದ್ ಗಳಿಗೆ ನಿಲ್ರೀ ಸಾಬ್ರೇ' ಎಂದು ಕೂಗಿದೆ. ತಿರುಗಿಯೂ ನೋಡಲಿಲ್ಲ.

'ಅರಮನೆ ಎಲ್ಲಿಗೂ ಹೋಗಾಕಿಲ್ಲ, ಬಾ. ಕುದುರೆ ಹೊಂಟೋಯ್ತದೆ.'

ಕುದುರೆ ಎಂದರೆ ಜಟಕಾ ಸ್ಟ್ಯಾಂಡಿನ ಕುದುರೆ. ಅಲ್ಲಿ ಒಬ್ಬ ಮುದುಕ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲಾಳ ಹೊಡೆಯುತ್ತಿದ್ದ. ಸಾಬ್ರು ಅವನ ಪಕ್ಕದಲ್ಲಿ ಬಗ್ಗಿ ನಿಂತು ಒಂದೊಂದು ಮೊಳೆಯನ್ನೂ ನೋಡಿದರು. ಕೊನೆಗೆ ನನ್ನ ಮುಖದ ಗಂಟು ನೋಡಿ ನಕ್ಕರು. 'ಸೋಮಣ್ಣ, ಊರಿನ ಮುಖ ಎಲ್ರೂ ನೋಡ್ತಾರೆ. ಮುಖಕ್ಕೆ ಪೌಡರ್ ಹಾಕಿರ್ತಾರೆ ಕಣಪ್ಪ. ಕೈ ನೋಡ್ಬೇಕು, ಕೈ. ಕೈ ಸುಳ್ಳು ಹೇಳಾಕಿಲ್ಲ.' ಆ ಮುದುಕನ ಕೈ ಇನ್ನೂ ನನ್ನ ಕಣ್ಣಲ್ಲಿದೆ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ, ಆದರೂ ಮೊಳೆ ಒಂದೂ ಸೊಟ್ಟಗಾಗಲಿಲ್ಲ.

ಹಸೀನಕ್ಕನಿಗೆ ಇದ್ದದ್ದು ಒಂದೇ ಆಸೆ. ತವರು ಚನ್ನಪಟ್ಟಣ ಬಿಟ್ಟರೆ ಅವರು ಬೇರೆ ಊರು ಕಂಡಿರಲಿಲ್ಲ. ಒಂದು ಸಲ ನನ್ನೆದುರಿಗೇ ಗಂಡನಿಗೆ ಹೇಳಿದರು: 'ನಂಗೆ ಕೈನೂ ಬ್ಯಾಡ, ಕಾಲೂ ಬ್ಯಾಡ. ಎರಡ್ ದಿನ ಗೂಡಿನ್ ವಾಸ್ನೆ ಇಲ್ದಿರೋ ಊರ್ನಾಗೆ ಉಸಿರಾಡ್ಬೇಕು. ಅಷ್ಟೆಯಾ.' ಸಾಬ್ರು ಅಂದಿನಿಂದಲೇ ತಯಾರಿ ಶುರು ಮಾಡಿದರು. ಹೆಂಡತಿಗಾಗಿ ಮೈಸೂರನ್ನು ಮೂಗಿನಿಂದಲೇ ಅಳೆದು ಹೊಸ ಚೀಟಿ ಬರೆದರು. ಬೆಳಗಾಗುವ ಮೊದಲು ಹೂವಿನ ಗಾಡಿ ಬಿಚ್ಚುವ ಜಾಗ. ಆಮೇಲೆ ಕಾಫಿ ಬೀಜ ಹುರಿಯುವ ಅಂಗಡಿ. ಅಲ್ಲಿಂದ ಹೆಂಗಸರು ಜಗಲಿಯ ಮೇಲೆ ಕೂತು ಊದುಬತ್ತಿ ಹೊಸೆಯುವ ಬೀದಿ. ಮಧ್ಯಾಹ್ನ ಎರಡಕ್ಕೆ ಬೇಕರಿಯ ಒಲೆ ಬಾಗಿಲು. ಸಂಜೆ ಗಂಧದ ಮರ ಕೊರೆಯುವವರ ಮನೆ. ತಂಗುವುದಕ್ಕೆ ಹಸೀನಕ್ಕನ ಚಿಕ್ಕಮ್ಮನ ಮನೆ. ಇಂಥ ಚೀಟಿ ಬರೆಸಿಕೊಂಡ ಹೆಂಡತಿ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ.

ಇಬ್ಬರೂ ಒಟ್ಟಿಗೆ ಹೋಗಬೇಕಾದರೆ ಮನೆಯಲ್ಲಿ ಗೂಡು ಪೂರ್ತಿ ಮುಗಿದಿರಬೇಕು. ಎರಡು ಸಲ ಮುಗಿಯಿತು. ಎರಡು ಸಲವೂ ಹೊರಡುವ ದಿನ ಬೆಳಗ್ಗೆ ಸಾಬ್ರು 'ಒಸಿ ನೋಡ್ಬುಟ್ ಬತ್ತೀನಿ' ಎಂದು ಮಾರುಕಟ್ಟೆಗೆ ಬಂದರು. ಒಳ್ಳೆಯ ಗೂಡು ಕಂಡರೆ ಅವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು, ಒಳಗಿನ ಹುಳ ಲೊಟಗುಟ್ಟುವುದನ್ನು ಕೇಳುವರು, ಅಷ್ಟೇ, ಹರಾಜಿನವನು ಕೂಗುವಾಗ ಕೈ ಮೇಲೆ. ಗೂಡು ಮನೆಗೆ ಬಂತೆಂದರೆ ಪ್ರಯಾಣಕ್ಕೆ ಎಳ್ಳುನೀರು. ಹಸೀನಕ್ಕ ಕಟ್ಟಿದ ಚೀಲ ಬಿಚ್ಚಿ ಒಲೆ ಹಚ್ಚುತ್ತಿದ್ದರು.

ಮೂರನೆಯ ಸಲ ಸಾಬ್ರು ಹಿಂದಿನ ದಿನವೇ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು. 'ಸೋಮಣ್ಣ, ನಾಳೆ ನಾನ್ ಬಂದ್ರೆ ಗೇಟ್ ತೆಗೀಬ್ಯಾಡ. ಅತ್ತರೂ ತೆಗೀಬ್ಯಾಡ. ನಿನ್ ಮಕ್ಕಳ ಮೇಲಾಣೆ.'

'ನಿಮ್ಮ ಆಣೆ ನನ್ನ ಮಕ್ಕಳ ಮೇಲ್ಯಾಕೆ ಸಾಬ್ರೇ?' ಎಂದೆ. ಆದರೂ ಒಪ್ಪಿಕೊಂಡೆ.

ಮಾರನೆಯ ದಿನ ಬಂದೇ ಬಂದರು. ಬಿಳಿ ಜುಬ್ಬ, ಹೊಸ ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ. ಹಸೀನಕ್ಕನನ್ನು ಚೀಲದ ಸಮೇತ, ಚೀಟಿಯ ಸಮೇತ, ಟಿಕೇಟು ಕೊಂಡಿರಲು ಸ್ಟೇಷನ್ನಿಗೆ ಕಳುಹಿಸಿ, ತಾವು ಇತ್ತ ತಿರುಗಿದ್ದರು. ಗೇಟಿನ ಕಂಬಿಗೆ ಮೂಗು ಒತ್ತಿ, 'ಮಾಗಡಿ ಗೂಡಾ ಅದು? ಆಹಾ, ಹೊಳೆಯೋದ್ ನೋಡು! ಒಸಿ ನೋಡ್ತೀನಿ ಕಣಪ್ಪ, ಕೈ ಮುಟ್ಟಾಕಿಲ್ಲ' ಎಂದರು.

'ಆಗಲ್ಲ, ಹೋಗ್ರೀ.'

'ಕೈ ಹಿಂದಕ್ಕೆ ಕಟ್ಕಂಡ್ ನೋಡ್ತೀನಿ.'

'ಹೋಗ್ರೀ ಅಂದ್ನಲ್ಲ. ಅಕ್ಕ ಕಾಯ್ತಾ ಇರ್ತಾರೆ.'

'ನಾಲ್ಕು ನಿಮಿಷ, ಸೋಮಣ್ಣ.'

ನಾನು ಗೇಟು ತೆಗೆದೆ.

ಯಾಕೆ ತೆಗೆದೆ ಎಂದು ಕೇಳಿದವರಿಗೆಲ್ಲ 'ಪಾಪ ಅನ್ನಿಸಿತು' ಎಂದೇ ಹೇಳುತ್ತಾ ಬಂದಿದ್ದೇನೆ. ಅದು ಸುಳ್ಳು. ನನ್ನನ್ನು ಬಿಟ್ಟು ಹೋಗುತ್ತಿದ್ದಾರಲ್ಲ ಎಂದು ಹೊಟ್ಟೆಯಲ್ಲಿ ಉರಿ ಇತ್ತು. ಪ್ರಯಾಣ ಬೇಡ, ಹೊಟ್ಟೆ ಕೆಡುತ್ತದೆ ಎಂದು ರಾಗ ಎಳೆಯುತ್ತಿದ್ದವನಿಗೆ ಆ ಕುದುರೆ ಲಾಳ, ಬಾಳೆಲೆ ಮಂಡಿಗಳ ರುಚಿ ಹತ್ತಿಬಿಟ್ಟಿತ್ತು. ಆ ಚೀಟಿಯಲ್ಲಿದ್ದ ಕಾಫಿ ಅಂಗಡಿಯೂ ಬೇಕರಿಯೂ ನನಗೂ ಬೇಕಾಗಿದ್ದವು. ಎಂಥ ಸಣ್ಣ ಬುದ್ಧಿ ನನ್ನದು!

ಸಾಬ್ರು ಕೈ ಹಿಂದೆ ಕಟ್ಟಿಕೊಂಡೇ ಹೋದರು. ಆಮೇಲೆ ಒಂದು ಕೈ ಬಿಚ್ಚಿಕೊಂಡಿತು. ಗೂಡು ಕಿವಿಯ ಹತ್ತಿರ ಹೋಯಿತು. ಹರಾಜಿನವನ ಕೂಗು ಮುಗಿಯುವಷ್ಟರಲ್ಲಿ ಇಡೀ ಲಾಟು ಅವರದಾಗಿತ್ತು. ಅದೇ ಹೊತ್ತಿಗೆ ಮೈಸೂರು ರೈಲಿನ ಸಿಳ್ಳು ಕೇಳಿಸಿತು. ಸಾಬ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಓಡಿದೆವು. ಗೇಟು ತೆರೆದೇ ಇತ್ತು.

ಪ್ಲಾಟ್‌ಫಾರಂ ಖಾಲಿ. ಹಸೀನಕ್ಕನೂ ಇಲ್ಲ, ಚೀಲವೂ ಇಲ್ಲ. 'ಅಮ್ಮಾವ್ರು ಹತ್ಕಂಡ್ ಹೊಂಟೋದ್ರಲ್ಲ' ಎಂದ ಕೂಲಿ. 'ಕೊನೇ ಗಳಿಗೆವರ್ಗೂ ದಾರಿ ನೋಡುದ್ರು. ಆಮ್ಯಾಕೆ ಚೀಟಿ ಒಂದ್ ಸಲ ಓದ್ಕಂಡ್ರು, ಹತ್ಬುಟ್ರು.'

ಆಗಲೇ ದಸ್ತಗೀರ್ ಸಾಬ್ರು ಕೂತದ್ದು. ಬೆಂಚಿನ ಮೇಲಲ್ಲ, ನೆಲದ ಮೇಲೆ, ಬಿಳಿ ಜುಬ್ಬದಲ್ಲೇ. ನಾನು ಎಷ್ಟು ಕರೆದರೂ ಏಳಲಿಲ್ಲ.

ಆ ಎರಡು ದಿನ ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ಹಸೀನಕ್ಕ ಮಾಡುವ ಕೆಲಸಕ್ಕೆ ತಾವು ನಿಂತು ಒಂದು ಹಂಡೆ ಗೂಡನ್ನು ಅತಿಯಾಗಿ ಬೇಯಿಸಿ ಅಂಟು ಮಾಡಿದರು, ಇನ್ನೊಂದು ಹಂಡೆಗೆ ಬೆಂಕಿ ಸಾಲದೆ ಎಳೆ ಸಿಗಲಿಲ್ಲ. ಗಳಿಗೆಗೊಮ್ಮೆ ಬೀದಿಗೆ ಬಂದು, 'ಈಗ ಕಾಫಿ ಅಂಗಡಿ ತಾವ ಇರ್ತಾಳೆ', 'ಈಗ ಬೇಕರಿ ಬಾಗ್ಲು ತೆಗೆದಿರ್ತಾರೆ' ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. 'ದಾರಿ ತಪ್ಪಿದ್ರೆ?' ಎಂದು ನಾನು ಬಾಯಿ ತಪ್ಪಿ ಕೇಳಿದಾಗ ಕೆಂಡವಾದರು. 'ನನ್ ಚೀಟೀಲಿ ದಾರಿ ತಪ್ಪಾಕಿಲ್ಲ!' ಎಂದವರು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದು, ಸ್ಟೇಷನ್ನಿಗೆ ಹೋಗಿ, ಸುಮ್ಮನೆ ವಾಪಸು ಬಂದರು.

ಮೂರನೆಯ ದಿನ ಬೆಳಗ್ಗೆ ಹಸೀನಕ್ಕ ಬಂದಿಳಿದರು. ನಾವಿಬ್ಬರೂ ಕಳ್ಳರ ಹಾಗೆ ನಿಂತಿದ್ದೆವು. ಚೀಲದಲ್ಲಿ ಮಲ್ಲಿಗೆ, ಊದುಬತ್ತಿ, ಬನ್ನು, ಕಾಫಿಪುಡಿ. ಅವರ ಸೆರಗು ಹಾದುಹೋದಾಗ ನನಗೆ ಗೂಡಿನ ವಾಸನೆ ಬರಲಿಲ್ಲ. ಸಾಬ್ರು ತಡೆಯಲಾರದೆ ಕೇಳಿದರು: 'ಎಲ್ಲಾ ನೋಡುದ್ಯಾ? ಮೊದ್ಲು ಎಲ್ಲಿಗೋದೆ? ಹೂವಿನ್ ಗಾಡಿಗಾ?'

'ಅರಮನೆಗೋದೆ.'

'ಅರಮನೆಗಾ!'

'ಊಂ. ಎಷ್ಟ್ ಚೆಂದಾಗೈತ್ರೀ! ಅದ್ಕ್ಯಾಕ್ ಬೆನ್ ಹಾಕ್ಕಂಡ್ ಬತ್ತಿದ್ರಿ ಇಬ್ರೂವೆ? ತಲೆ ಸರಿಯಿಲ್ಲ ನಿಮ್ಗೆ.' ನನ್ನ ಕಡೆ ತಿರುಗಿ, 'ಬನ್ ತಿನ್ನಣ್ಣ, ನಿಂಗೂ ತಂದಿವ್ನಿ' ಎಂದರು. ಅವರು ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಆಮೇಲೆ ಸಾಬ್ರು ಎರಡು ದಿನದ ಊರಿಗೆ ಹೊರಡುವುದನ್ನು ನಿಲ್ಲಿಸಿದರು. 'ಅವಳ್ ಜೊತೆ ಹೋಗೋವರ್ಗೂ ಇಲ್ಲ' ಎಂದರು. ಆದರೆ ಒಮ್ಮೆ ಗೂಡು ಮುಗಿದರೆ ಮಗಳ ಮದುವೆ, ಮದುವೆ ಮುಗಿದರೆ ಮಳೆ, ಹೀಗೆ ವರ್ಷಗಳು ಹೋದವು. ಒಲೆಯ ಹೊಗೆ, ಹಂಡೆಯ ಹಬೆ ಸೇರಿ ಸಾಬ್ರ ಎದೆ ಕಟ್ಟಿತು. ಚರಕಗಳನ್ನು ಮಾರಿದರು. ನಾನು ನೋಡಲು ಹೋದಾಗ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅದೇ ಎರಡನೆಯ ಸಲ. ಕೂತಿದ್ದರೂ ಹೊದಿಕೆಯ ಕೆಳಗೆ ಪಾದಗಳು ಒಂದೇ ಸಮನೆ ಅಲ್ಲಾಡುತ್ತಿದ್ದವು.

'ಮನೇಲಿ ಗೂಡಿನ್ ವಾಸ್ನೇನೇ ಇಲ್ಲ ಸೋಮಣ್ಣ. ಯಾರ್ದೋ ಮನೇಲಿ ಮಲಗ್ದಂಗಾಯ್ತದೆ' ಎಂದರು.

ನನಗೆ ಮೊದಲೇ ಹೊಳೆದಿತ್ತು. ಜೇಬಿನಿಂದ ಎರಡು ಗೂಡು ತೆಗೆದು ಕೊಟ್ಟೆ. ಸಾಬ್ರು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಮುಖ ಅರಳಿತು. 'ಮಾಗಡೀದಾ? ಎಷ್ಟಕ್ಕೋಯ್ತು?'

'ಕೈ ಎತ್ತೀರ ಮತ್ತೆ!' ಎಂದು ಹಸೀನಕ್ಕ ಗದರಿಸಿದರು. ಗದರಿಸುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಬ್ರು ದಿಂಬಿನ ಕೆಳಗಿನಿಂದ ಒಂದು ಚೀಟಿ ಎಳೆದರು. ಅಕ್ಷರ ಅವರದಲ್ಲ, ಹಸೀನಕ್ಕನದು. ಮೊದಲನೆಯ ಸಾಲಿನಲ್ಲೇ 'ಅರಮನೆ' ಎಂದಿತ್ತು. 'ಬರೋ ಸೋಮವಾರ ಹೋಯ್ತಾ ಇದೀವಿ. ಇವ್ಳೇ ತೋರಿಸ್ತಾಳಂತೆ' ಎಂದರು. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು. 'ಸೋಮವಾರ ಬೆಳಿಗ್ಗೆ ಗೇಟಿಗ್ ಬೀಗ ಹಾಕ್ಕೋ. ನಾನ್ ಬಂದ್ರೂ ತೆಗೀಬ್ಯಾಡ.'

'ಈ ಸಲ ತೆಗೆಯಲ್ಲ ಸಾಬ್ರೇ. ಆಣೆ.'

ಶುಕ್ರವಾರ ಅವರಿಗೆ ಮಣ್ಣು ಕೊಟ್ಟು ಬಂದೆವು.

ಸೋಮವಾರ ಹರಾಜಿನ ಹೊತ್ತಿಗೆ ಎಲ್ಲರನ್ನೂ ಒಳಗೆ ಬಿಟ್ಟು ಗೇಟಿಗೆ ಬೀಗ ಹಾಕಿ, ಬೀಗದ ಕೈ ಹಿಡಿದು ಅಲ್ಲೇ ನಿಂತೆ. ಒಳಗೆ ಮಾಗಡಿಯ ಗೂಡು ಹೊಳೆಯುತ್ತಿತ್ತು. ಮೈಸೂರು ರೈಲು ಸಿಳ್ಳು ಹಾಕಿ ಹೋಯಿತು. ಕಂಬಿಯ ಆಚೆ ಯಾರೂ ಬರಲಿಲ್ಲ. ಬಂದಿದ್ದರೆ, ಮಕ್ಕಳಾಣೆ, ತೆಗೆದುಬಿಡುತ್ತಿದ್ದೆ.