ಭಾವನ ಕಾರಿನ ಕಂಡೆನ್ಸರ್

ಐವತ್ತು ವರ್ಷದ ಹಳೇ ಕಾರು ಸಾಕುವವರಿಗೆ ಬಾನೆಟ್ ಎತ್ತಲು ಬರಬೇಕೆಂದೇನಿಲ್ಲ, ಬಾಯಿ ಜೋರಿದ್ದರೆ ಸಾಕು. ನಿವೃತ್ತ ಪ್ರಾಂಶುಪಾಲರ ಬಾಯಿ ಜೋರಾಗಿಯೇ ಇತ್ತು. ಅವರ ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಎಂಜಿನ್ ಬಿಸಿಯಾದೊಡನೆ ಕೆಮ್ಮಿ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಪ್ಲಗ್ಗು ಬದಲಾಯಿತು, ಕಾಯಿಲ್ ಬದಲಾಯಿತು, ಮೂವರು ಮೆಕ್ಯಾನಿಕ್‌ಗಳೂ ಬದಲಾದರು. ಮೂವರೂ ಕತ್ತೆಗಳೆಂದು ಇವರು ತೀರ್ಪು ಕೊಟ್ಟರು.

ಇವರ ಹೆಂಡತಿಯ ತಂಗಿ ಇಪ್ಪತ್ತೆರಡು ವರ್ಷದಿಂದ ಪಂಪು, ಫ್ಯಾನುಗಳ ಮೋಟರಿಗೆ ತಂತಿ ಸುತ್ತಿ ಬದುಕಿದವಳು. ಅಕ್ಕ ಕರೆದಳೆಂದು ಬಂದಳು.

"ಫ್ಯಾನು ಸುತ್ತೋಳಿಗೆ ಕಾರಿನ ಗಂಧಗಾಳಿ ಏನ್ ಗೊತ್ತು?" ಎಂದು ಭಾವ ನಕ್ಕರು.

ಅವಳು ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು. ಒಳಗೆ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟುಗಳು ಸುಟ್ಟು ಕರಕಲಾಗಿದ್ದವು. ಅವು ಸುಡದಂತೆ ಕಾಯಬೇಕಾದ, ಹೆಬ್ಬೆರಳಿನಷ್ಟು ಚಿಕ್ಕ ಕಂಡೆನ್ಸರ್ ಕೆಟ್ಟಿದೆಯೆಂದು ನೋಡಿದ ಕೂಡಲೇ ತಿಳಿಯಿತು. ಪಾಯಿಂಟು ಉಜ್ಜಿ, ತನ್ನ ದುಡ್ಡಲ್ಲೇ ಪೇಟೆಯಿಂದ ತಂದ ಹೊಸ ಕಂಡೆನ್ಸರ್ ಹಾಕಿದಳು. ಊರೆಲ್ಲ ಮೂರು ಸುತ್ತು ಹಾಕಿದರೂ ಕಾರು ಕೆಮ್ಮಲಿಲ್ಲ.

ಭಾವ ಕೆಳಗಿಳಿದು, ನೆರೆಮನೆಯವರಿಗೆ ಕೇಳಿಸಲೆಂದೇ ಹೇಳಿದರು: "ನಾನ್ ಹಾಕ್ಸಿದ ಕಾಯಿಲ್ ಈಗ ಹೊಂದ್ಕೊಂಡಿದೆ ನೋಡಿ! ಇವಳೂ ಏನೋ ಕೆರೆದಳು, ಪಾಪ."

"ಹೌದಾ ಭಾವ?" ಎಂದಳು ಅವಳು. ಮತ್ತೆ ಬಾನೆಟ್ ಎತ್ತಿ, ಹೊಸ ಕಂಡೆನ್ಸರ್ ಬಿಚ್ಚಿ, ಕೆಟ್ಟದ್ದನ್ನೇ ವಾಪಸ್ ಕೂರಿಸಿದಳು. "ಹಾಗಾದ್ರೆ ಇದು ನಿಮಗೆ ಬೇಡ ಬಿಡಿ."

ಹೊಸದನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು, ಗೇಟಿನವರೆಗೂ ನಗುತ್ತ ಬಂದಳು.

ಮರುದಿನದಿಂದ ಪ್ರಾಂಶುಪಾಲರು ಬಸ್ಸಿಗೆ ಕಾಯತೊಡಗಿದರು.