ಬೇಡ ಎಂದವರ ಕಾಲಂ

ಆರೋಗ್ಯ ಕೇಂದ್ರದ ಗುಮಾಸ್ತ ಕಲ್ಲಯ್ಯನ ಹೆಸರೆತ್ತಿದರೆ ಸಾಕು, ಬಸಲಿಂಗಪ್ಪ ಇವತ್ತಿಗೂ ಬಾಯೊಳಗಿನ ಎಲೆ ಉಗುಳಿ ಬೈಯಲು ನಿಲ್ಲುತ್ತಾನೆ. ಖಾನಾಪುರದಿಂದ ಬೀಡಿ ಊರಿನ ಕಡೆಯ ಶಾಲೆಗಳಿಗೆ ಬೈಕಿನ ಮೇಲೆ ಲಸಿಕೆಯ ಐಸ್ ಡಬ್ಬಿ ಒಯ್ಯುವುದು ಅವನ ಕೆಲಸ. ಓದಿದ್ದು ನಾಲ್ಕನೇ ಇಯತ್ತೆ. ಹದಿನಾರು ವರ್ಷದಲ್ಲಿ ಡಬ್ಬಿ ಒಮ್ಮೆಯೂ ಬಿಸಿಯಾಗಿಲ್ಲ, ತಲೆ ಮಾತ್ರ ದಿನಾ ಬಿಸಿ.

ಹೋದ ವರ್ಷ ಕಲ್ಲಯ್ಯ ಒಂದು ಕಾಗದ ಕೊಟ್ಟು, ತೋಟದ ಮನೆಯ ಕಾಂತಾಬಾಯಿಯ ಸಹಿ ತಾ ಎಂದಿದ್ದ. ಬೆಳಗಾವಿ ಬಿಟ್ಟು ಬಂದ ಆಕೆ ಮಗಳು ರಸಿಕಾಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಹತ್ತು ವರ್ಷದವರಿಗೆ ಹಾಕುವ ಸೂಜಿ ಶಾಲೆಗೆ ಬರುತ್ತದೆ. ರಸಿಕಾಳ ಹೆಸರು ಯಾವ ಶಾಲೆಯ ಹಾಜರಿಯಲ್ಲೂ ಇಲ್ಲ. ಎರಡು ಸಲ ಮಗಳನ್ನು ಶಾಲೆಗೆ ಕರೆತಂದ ತಾಯಿ ಎರಡು ಸಲವೂ ಹಾಗೇ ಹಿಂದಿರುಗಿದ್ದಳು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಓದು ಮರಾಠಿಯದು. ಇದರಾಗ ಏನು ಬರದೈತಿ ಎಂದು ಕೇಳಿದಳು. ಬಸಲಿಂಗಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ. ಕಚೇರಿಯ ಕನ್ನಡ ತಲೆಗೆ ಹತ್ತಲಿಲ್ಲ.

"ಹೆಸರು ಹಚ್ಚೂ ಕಾಗದ್ರಿ ಬಾಯಾರ. ಸಹಿ ಮಾಡ್ರಿ, ನಾ ಅದೀನಿ."

ಈ ವರ್ಷ ಸುದ್ದಿ ಹಬ್ಬಿತು. ಲಸಿಕೆ ಬೇಡವೆಂದು ಬರೆದುಕೊಟ್ಟವರಿಗಿದ್ದ ವಿನಾಯಿತಿ ತೆಗೆಯುತ್ತಾರಂತೆ; ಮನೆಯಲ್ಲಿ ಕಲಿಯುವ ಮಕ್ಕಳೂ ಕಾರ್ಡು ತೋರಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲವಂತೆ. ಬೆಳಗಾವಿಯಲ್ಲಿ ಪರೀಕ್ಷೆ ಬರೆಸಲು ಮಗಳನ್ನು ತಯಾರು ಮಾಡಿದ್ದ ಕಾಂತಾಬಾಯಿ ಗಾಬರಿಯಾಗಿ ಅವಳನ್ನೂ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬಂದಳು. ಕಲ್ಲಯ್ಯ ಫೈಲು ಬಿಚ್ಚಿ ಆ ಕಾಗದ ಓದಿ ತೋರಿಸಿದ. ಲಸಿಕೆ ಬೇಡ; ಕೆಳಗೆ ಅವಳದೇ ಸಹಿ.

ಡಬ್ಬಿ ಹಿಡಿದು ಬಾಗಿಲಲ್ಲಿದ್ದ ಬಸಲಿಂಗಪ್ಪನ ಕಿವಿ ಕೆಂಪಾಯಿತು. "ಆಕಿ ಯಾವಾಗ ಬ್ಯಾಡ ಅಂದಾಳೋ?"

"ಹಾಕೇತಿ ಅನ್ನೂದೊಂದು ಕಾಲಂ, ಬ್ಯಾಡ ಅನ್ನೂದೊಂದು. ಮೂರನೇದು ನಾ ನಮ್ಮ ಮನಿಂದ ತರ್ಲೇನು?" ಎಂದ ಕಲ್ಲಯ್ಯ.

ಬಸಲಿಂಗಪ್ಪ ಡಬ್ಬಿಯನ್ನು ಅವನ ಫೈಲಿನ ಮೇಲೇ ಕುಕ್ಕಿದ. "ಈ ಹುಡುಗಿಗೆ ಸೂಜಿ ಹಾಕಿ ಕಾರ್ಡ್ ಕೊಡೂತನಕ ಇದು ಅಳ್ಳಾಡಂಗಿಲ್ಲ. ಮೂರು ಸಾಲಿ ಮಕ್ಕಳು ಕಾಯಾಕತ್ತಾರ. ನೀನ ಫೋನ್ ಮಾಡಿ ಹೇಳು."

ಅರ್ಧ ತಾಸು ಯಾರೂ ಕದಲಲಿಲ್ಲ. ಕೊನೆಗೆ ನರ್ಸ್ ನಾಗರತ್ನಾ ಬೇಸತ್ತು ಎದ್ದು ಬಂದು, ಲಸಿಕೆ ಪುಸ್ತಕದ ಪುಟದ ಅಂಚಿನಲ್ಲಿ ರಸಿಕಾಳ ಹೆಸರು ಗೀಚಿ, ಸೂಜಿ ಹಾಕಿ, ಕಾರ್ಡು ಬರೆದಳು.

ಗೇಟಿನ ಬಳಿ ಕಾಂತಾಬಾಯಿ ಕೈಮುಗಿದಳು. "ಆ ಕಲ್ಲಯ್ಯ ನಿಮಗೂ ಸುಳ್ಳು ಹೇಳಿ ಮೋಸ ಮಾಡಿದ್ನಲ್ರಿ."

ಕಲ್ಲಯ್ಯ ಸುಳ್ಳು ಹೇಳಿರಲಿಲ್ಲ, ಸಹಿ ತಾ ಎಂದಿದ್ದ ಅಷ್ಟೇ. ಸುಳ್ಳು ಬಸಲಿಂಗಪ್ಪನದು. ಓದಲು ಬರಲಿಲ್ಲ, ತಪ್ಪಾಯಿತು ಎಂಬ ಮಾತು ಹೇಳುವುದಿತ್ತು. ಬೈಕಿಗೆ ಕಿಕ್ ಹೊಡೆದ.

ತೋಟದ ಮುಂದೆ ಹಾಯುವಾಗೆಲ್ಲ ಆಕೆ ಈಗಲೂ ಚಹಾಕ್ಕೆ ಕರೆಯುತ್ತಾಳೆ. ಆ ಮಾತು ಹೇಳದೆ ಅವಳ ಮನೆಯ ಚಹಾ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತು. ಡಬ್ಬಿ ಬಿಸಿ ಆಗ್ತೈತ್ರಿ ಬಾಯಾರ ಎಂದು, ಖಾಲಿ ಡಬ್ಬಿ ಕಟ್ಟಿಕೊಂಡು ಬರುವಾಗಲೂ, ನಿಲ್ಲದೆ ಹೋಗುತ್ತಾನೆ.