ಕಂಬಳಿಯ ಮೇಲೆ ಕೊಟ್ಟ ಒಪ್ಪಿಗೆ

ಬಳೆ ಅಂಗಡಿಯ ಮುನ್ನೀ ಬೀ ಮಗಳು ಅಲ್ಮಾಸ್ ಕಳ್ಳರ ಮೇಲೆ ಓದುತ್ತಾಳೆ ಎಂದು ಮಾನ್ವಿಯ ಆ ಗಲ್ಲಿಯವರೆಲ್ಲ ಹೇಳುತ್ತಿದ್ದರು. ಕೋಳಿ ಕಾಣೆಯಾದವರು ಮೊದಲು ಅವಳ ಬಾಗಿಲಿಗೆ ಬಂದು, ಆಮೇಲೆ ಬೇರೆ ಕಡೆ ಹುಡುಕಲು ಹೋಗುತ್ತಿದ್ದರು. "ಇಷ್ಟು ವರ್ಷ ಓದಿದಾಕಿಗೆ ಒಬ್ಬ ಕೋಳಿಕಳ್ಳ ಸಿಗವಲ್ಲ, ಇನ್ನ ಗಂಡ ಎಲ್ಲಿ ಸಿಗ್ತಾನ" ಎಂದು ಎದುರುಮನೆಯ ಇಮಾಮ್ ಬೀ ನಲ್ಲಿಯ ಹತ್ತಿರ ನಿಂತು ನಗುತ್ತಿದ್ದಳು. ಅಲ್ಮಾಸ್ ಕೂಡ ನಕ್ಕು ಕೊಡ ಎತ್ತಿಕೊಂಡು ಬರುತ್ತಿದ್ದಳು.

ಅವಳು ಓದುತ್ತಿದ್ದುದು ಕಳ್ಳರ ಮೇಲಲ್ಲ. ಠಾಣೆಗೆ ದೂರು ಕೊಡಲು ಹೋದ ಹಳ್ಳಿಯ ಹೆಂಗಸರು ರಾಜಿ ಮಾಡಿಕೊಂಡು ಯಾಕೆ ತಿರುಗಿ ಬರುತ್ತಾರೆ ಎನ್ನುವುದರ ಮೇಲೆ. ಕಾನೂನು ಪದವಿ ಮುಗಿಸಿ, ರಾಯಚೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಅಪರಾಧ ನ್ಯಾಯದ ಪಿಎಚ್.ಡಿ.ಗೆ ಸೇರಿದ್ದಳು. ಅಲ್ಲೊಂದು ಕಟ್ಟಳೆ. ಮಹಾಪ್ರಬಂಧ ಒಪ್ಪಿಸುವ ಮೊದಲು, ಮಾನ್ಯತೆ ಇರುವ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಅಚ್ಚಾಗಿರಬೇಕು. ಅದರ ಬೆನ್ನಿಗೆ ಇನ್ನೊಂದು ಕಟ್ಟಳೆ. ಲೇಖನದಲ್ಲಿ ಯಾರ ಮಾತು ಬರುತ್ತದೋ ಅವರೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿರಬೇಕು. ಬಡವರ ಮಾತನ್ನು ಅವರಿಗೆ ತಿಳಿಯದಂತೆ ಯಾರೂ ಎತ್ತಿಕೊಂಡು ಹೋಗಬಾರದು ಎಂದು ಮಾಡಿದ ಕಟ್ಟಳೆ, ಕೇಳಲಿಕ್ಕೆ ಚೆಂದವೇ. ಮಾಡಿದವರು ದೇವದುರ್ಗದ ದೊಡ್ಡಿಗಳ ಕಡೆ ಬಂದಿರಲಿಲ್ಲ ಅಷ್ಟೇ.

ದೊಡ್ಡಿ ಎಂದರೆ ಹೊಲಗಳ ನಡುವೆ ಕುರಿ ಹಟ್ಟಿಗಳ ಸುತ್ತ ಬೆಳೆದ ನಾಲ್ಕಾರು ಮನೆ. ಅಲ್ಮಾಸ್ ಟಂಟಂ ಆಟೋ ಇಳಿದು, ಜಾಲಿಯ ದಾರಿಯಲ್ಲಿ ನಡೆದು ಅಂಥದೊಂದು ದೊಡ್ಡಿಗೆ ಹೋದಳು. ಹೆಂಗಸರು ಚಹಾ ಕೊಟ್ಟರು, ಅವಳ ಬಳೆ ಹಿಡಿದು ನೋಡಿದರು, ಮಾತಿಗೆ ಕೂತರು. ಅವಳು ಚೀಲದಿಂದ ಮಸಿ ಡಬ್ಬಿ ತೆಗೆದಿಟ್ಟಳು. ಅಲ್ಲಿಗೆ ಮಾತು ನಿಂತಿತು. ಒಬ್ಬಳಿಗೆ ಹಿಟ್ಟು ಕಲಸುವುದು ನೆನಪಾಯಿತು, ಇನ್ನೊಬ್ಬಳಿಗೆ ಕುರಿಮರಿ. ಕೊನೆಗೆ ಉಳಿದವಳು ಬಾಲಮ್ಮ ಒಬ್ಬಳೇ.

"ನಿನ್ನೂ ರಾಜಿ ಮಾಡಸಾಕ ಕಳಿಸ್ಯಾರೇನವ್ವಾ?" ಎಂದು ಬಾಲಮ್ಮ ಕೇಳಿದಳು.

ಆಮೇಲೆ ತಿಳಿಯಿತು. ಕೊಯ್ಲಾದ ಹೊಲಕ್ಕೆ ಕುರಿ ನುಗ್ಗಿತೆಂದು ಹೊಲದ ಸಾಹುಕಾರನ ಆಳು ಬಾಲಮ್ಮನ ಕೈ ಮುರಿದಿದ್ದ. ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅವಳು ಠಾಣೆಗೆ ಹೋದಳು. ದೂರು ಬರೆದುಕೊಂಡಿದ್ದೇವೆ, ಹೆಬ್ಬೆಟ್ಟು ಒತ್ತು ಎಂದರು. ಒತ್ತಿದಳು. ಸುಗ್ಗಿ ಕಳೆದು ಮತ್ತೆ ಬಿತ್ತನೆ ಬಂದ ಮೇಲೆ ಗೊತ್ತಾಯಿತು, ಒತ್ತಿದ್ದು ದೂರಿಗಲ್ಲ, ರಾಜಿ ಕಾಗದಕ್ಕೆ. ಅಂದಿನಿಂದ ಆ ದೊಡ್ಡಿಯ ಹೆಂಗಸರು ಮಸಿಗೆ ಬೆರಳು ಕೊಟ್ಟಿಲ್ಲ.

ರೇಷನ್ ಅಂಗಡಿಯಲ್ಲಿ ಕೊಡುತ್ತೀರಲ್ಲ ಎಂದು ಅಲ್ಮಾಸ್ ಕೇಳಿ ನೋಡಿದಳು.

"ಆ ಯಂತ್ರಕ್ಕ ಬೆರಳು ಕೊಟ್ರ ಅಕ್ಕಿ ಬರ್ತದ. ನಿನ್ನ ಡಬ್ಬ್ಯಾಗಿಂದ ಏನು ಬರ್ತದ, ಹೇಳು."

ಅಲ್ಮಾಸ್ ಮಸಿಗೆ ಮುಚ್ಚಳ ಹಾಕಿದಳು. ಡಬ್ಬಿ ಒಳಗಿಟ್ಟಳು. ಮುಂದಿನ ಸಲ ಬರಿಗೈಯಲ್ಲಿ ಹೋದಳು, ಅದರ ಮುಂದಿನ ಸಲವೂ. ಕೊನೆಗೊಂದು ದಿನ ಬಾಲಮ್ಮ ತಾನೇ ಅಂಗಳದಲ್ಲಿ ಕರಿ ಕಂಬಳಿ ಹಾಸಿ, ಮೇಲೆ ದೇವರ ಅರಿಸಿನ, ಚಿಟಿಕೆ ಭಂಡಾರ ಇಟ್ಟಳು. ಕುರಿಗಾರರಲ್ಲಿ ಮಾತು ಕೊಡುವುದು ಹಾಗೆ. ಕಂಬಳಿಯ ಮೇಲೆ ಕೈಯಿಟ್ಟು ಆಡಿದ ಮಾತಿನಿಂದ ಹಿಂದೆ ಸರಿಯುವಂತಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕೈಯಿಟ್ಟು, ಇದನ್ನು ಬರಿ, ಅದನ್ನು ಬರಿಬೇಡ, ಹೆಸರು ಹಾಕಬೇಡ ಎಂದರು. ಅವರೇ ಹೇಳಿ ಎಲ್ಲವನ್ನೂ ಫೋನಿನಲ್ಲಿ ದಾಖಲು ಮಾಡಿಸಿದರು. ಆಮೇಲೆ ಅಲ್ಮಾಸ್‌ಳ ಕೈಯನ್ನೂ ಎಳೆದು ಇಡಿಸಿದರು. ನಿಮ್ಮ ಹೆಸರಿನ ಕೆಳಗೆ ಎಂದೂ ಹೆಬ್ಬೆಟ್ಟು ಬೀಳುವುದಿಲ್ಲ ಎಂದು ಅವಳು ಮಾತು ಕೊಟ್ಟಳು.

ಆ ಒಪ್ಪಿಗೆಯ ರೀತಿಯನ್ನೂ ಲೇಖನದಲ್ಲಿ ಬರೆದು, ತನ್ನ ಟಿಪ್ಪಣಿಗಳ ಸಮೇತ ಗೈಡ್ ಸರ್ ಮುಂದೆ ಇಟ್ಟಳು. ಅವರು ಕಂಬಳಿಯ ಪ್ಯಾರಾದ ಮೇಲೆ ಕೆಂಪು ಗೆರೆ ಎಳೆದರು. ನಮೂನೆಯಲ್ಲಿ ಕಂಬಳಿಗೆ ಜಾಗವಿಲ್ಲ ಎಂದರು. ದನಿಯ ದಾಖಲೆ ಇದೆ, ಓದು ಬಾರದವರ ಬಾಯಿಮಾತಿನ ಒಪ್ಪಿಗೆಯನ್ನು ಎಷ್ಟೋ ಕಡೆ ಒಪ್ಪುತ್ತಾರೆ ಎಂದು ಅವಳು ವಾದಿಸಿದಳು. ಗೈಡ್ ಸರ್ ಚಷ್ಮಾ ತೆಗೆದು ಒರೆಸಿಕೊಂಡರು.

"ಹತ್ತು ಬೆರಳು ಅದಾವಲ್ಲಮ್ಮಾ ನಿನಗ. ಸಾಲದಿದ್ರ ನಿಮ್ಮವ್ವನ್ನ ಕರಕೊಂಡು ಬಾ. ದೇವದುರ್ಗಕ್ಕ ಹೋಗಿ ಯಾರು ನೋಡ್ತಾರ?"

ಚಹಾ ತಂದ ಜವಾನನೂ ನಕ್ಕ. ಅಪರಾಧ ನ್ಯಾಯ ಕಲಿಸುವ ಕುರ್ಚಿಯಲ್ಲಿ ಕೂತು, ನ್ಯಾಯ ಕಲಿಯಲು ಬಂದವಳಿಗೆ ಹೇಳಿದ ಮಾತು ಅದು. ಠಾಣೆಯವನು ಮಾಡಿದರೆ ಸಂಶೋಧನೆಯ ವಿಷಯ, ಪ್ರೊಫೆಸರು ಮಾಡಿಸಿದರೆ ಸಂಶೋಧನೆಯ ವಿಧಾನ. ಅಲ್ಮಾಸ್ ಆಗುವುದಿಲ್ಲ ಸರ್ ಎಂದು ಎದ್ದು ಬಂದಳು. ಬಸ್ಸು ಮಾನ್ವಿ ಸೇರಿದರೂ ಅವಳ ಕಿವಿ ಬಿಸಿ ಆರಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಜೊತೆಯ ವಿದ್ಯಾರ್ಥಿ ಪರ್ವೇಜ್ ಫೋನು ಮಾಡಿ ಮುಬಾರಕ್ ಹೇಳಿದ. ಲೇಖನ ಅವಳಿಗೆ ತಿಳಿಯದೆಯೇ ಅಚ್ಚಾಗಿತ್ತು. ಗೈಡ್ ಸರ್ ಹೆಸರು ಮುಂದೆ, ಅವಳದು ಹಿಂದೆ. ಕಂಬಳಿ ಇರಲಿಲ್ಲ. ಎಲ್ಲರಿಂದಲೂ ಲಿಖಿತ ಒಪ್ಪಿಗೆ ಪಡೆಯಲಾಗಿದೆ ಎಂಬ ಸಾಲು ಇತ್ತು. ಅಂದೇ ರಾಯಚೂರಿಗೆ ಹೋಗಿ ಒಪ್ಪಿಗೆ ಪತ್ರಗಳ ಫೈಲು ತೆಗೆಸಿದಳು. ಅವಳ ಟಿಪ್ಪಣಿಗಳಿಂದ ಎತ್ತಿದ ಹೆಸರುಗಳು, ಪ್ರತಿ ಹೆಸರಿನ ಕೆಳಗೆ ಒಂದು ಹೆಬ್ಬೆಟ್ಟು. ಪರ್ವೇಜ್ ನೆಲ ನೋಡುತ್ತ, ಅಕ್ಕಾ, ನನ್ನ ಪ್ರಬಂಧವೂ ಅವರ ಕೈಯಲ್ಲೇ ಇದೆ ಎಂದ. ಯಾರ ಬೆರಳು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಸುಮ್ಮನಿದ್ದರೆ ಅವಳು ಡಾಕ್ಟರ್ ಅಲ್ಮಾಸ್. ಮುನ್ನೀ ಬೀ ಅದನ್ನೇ ಹೇಳಿದಳು. ಪದವಿ ಕೈಗೆ ಬರಲಿ, ಜಗಳ ಆಮೇಲೆ ಆಡು. ಬಳೆ ಮಾರಿ ಓದಿಸಿದ ತಾಯಿಯ ಮಾತು, ಅದರಲ್ಲಿ ತಪ್ಪೇನೂ ಇರಲಿಲ್ಲ.

"ಠಾಣ್ಯಾಗ ಮಾಡಿದ್ದನ್ನ ಅಪರಾಧ ಅಂತ ನಾನೇ ಬರದೀನಿ ಅಮ್ಮೀ" ಎಂದಳು ಅಲ್ಮಾಸ್. "ಈಗ ಅದೇ ಅಪರಾಧದ ಮ್ಯಾಲ ನನ್ನ ಹೆಸರು ಅಚ್ಚಾಗ್ಯದ."

ಆ ಬೆರಳುಗಳು ಆ ಹೆಂಗಸರದಲ್ಲ ಎಂದು ಪತ್ರಿಕೆಗೆ ಬರೆದಳು. ಅವರು ಲೇಖನವನ್ನು ಹಿಂದಕ್ಕೆ ತೆಗೆದರು. ಕೇಂದ್ರದಲ್ಲಿ ಸಮಿತಿ ಕೂತು ಅವಳನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ನಿಯಮದಂತೆ ಹೆಬ್ಬೆಟ್ಟು ನೀನೇಕೆ ತರಲಿಲ್ಲ? ಯಾರು ಒತ್ತಿದರು ಎಂದು ಒಬ್ಬರಾದರೂ ಕೇಳಲಿಲ್ಲ. ನಿಯಮ ಮೀರಿದಳೆಂದು ಅವಳ ನೋಂದಣಿ ರದ್ದಾಯಿತು. ಗೈಡ್ ಸರ್ ಈಗ ಹೊಸ ವಿದ್ಯಾರ್ಥಿಗಳಿಗೆ ಸಂಶೋಧನೆಯ ನೀತಿಯ ಪಾಠ ಮಾಡುತ್ತಾರೆ, ಕೈಯಲ್ಲಿ ಮೈಕು ಹಿಡಿದು.

ದೊಡ್ಡಿಗೆ ಹೋಗಿ ಹೇಳದೆ ಇರಲಾಗಲಿಲ್ಲ. ಬಾಲಮ್ಮ ಉಣ್ಣೆ ಬಿಡಿಸುತ್ತ ಕೇಳಿಸಿಕೊಂಡಳು.

"ಠಾಣ್ಯಾಗಿನವರೇ ವಾಸಿ ಬಿಡವ್ವಾ" ಎಂದಳು. "ನನ್ನ ಬೆರಳರ ಕೇಳಿದ್ರು." ಉಣ್ಣೆ ಬದಿಗಿಟ್ಟು, "ನಿನ್ನ ಓದು ಮುಗೀತಲ್ಲ. ಇನ್ನರ ನನ್ನ ಕೇಸು ಹಿಡಿತೀಯೋ ಇಲ್ಲೋ?" ಎಂದು ಗದರಿದಳು.

ಅಲ್ಮಾಸ್ ವಕೀಲಿಕೆಯ ಸನದು ಮಾಡಿಸಿದಳು. ಠಾಣೆ ತೆಗೆದುಕೊಳ್ಳದ ದೂರನ್ನು ನೇರ ನ್ಯಾಯಾಧೀಶರ ಮುಂದೆಯೇ ಇಡಬಹುದು. ದೇವದುರ್ಗದಲ್ಲಿ ಬೀಜದ ಅಂಗಡಿಯ ಮೇಲೊಂದು ಕೋಣೆ ಸಿಕ್ಕಿತು. ಮಾನ್ವಿಯ ಬಾಡಿಗೆ ಮನೆ ಬಿಡುವುದೆಂದಾಯಿತು. ಅಂಗಡಿಯ ಸಾಮಾನು ಖಾಲಿ ಮಾಡಿ ಮುನ್ನೀ ಬೀಯೂ ಹಿಂದೆಯೇ ಬರುವವಳಿದ್ದಳು. ಬಾಲಮ್ಮನ ದೂರು ಕೋರ್ಟಿಗೆ ಹೋಗುವ ದಿನ, ಅಲ್ಮಾಸ್ ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದಳು. ಪದವಿ ಕೈತಪ್ಪಿದಾಗಿನಿಂದ ಮಾತು ಬಿಟ್ಟಿದ್ದ ತಾಯಿ ಒಳಗಿನಿಂದಲೇ ಹೇಳಿದಳು:

"ಜಜ್ ಸಾಹೇಬರ ಮುಂದ ಜೋರು ಮಾತಾಡು ಬೇಟಿ. ನನ್ನ ಜೋಡಿ ಆಡಿದಂಗ."

ಅಲ್ಮಾಸ್ ಚಪ್ಪಲಿ ಮೆಟ್ಟಿ, ಆ ಮನೆಯ ಹೊಸ್ತಿಲು ಕೊನೆಯ ಸಲ ದಾಟಿ, ದೇವದುರ್ಗದ ಬಸ್ಸು ತಪ್ಪೀತೆಂದು ಬಿರಬಿರನೆ ನಡೆದಳು.